ಮೌನಿಯ ಮಾತು ಕದ್ದ ಗಿಳಿ

“ದೇವರು ಮಾತಾಡಲ್ಲ ಕಣ್ರೋ... ಬರೀ ಕೈ ಎತ್ತುತ್ತೆ!”

ಮೈಕಿನ ಮುಂದೆ ನಿಂತಿದ್ದ ಹುಡುಗಿ ಗಲ್ಲ ಮೇಲೆತ್ತಿ, ಕಣ್ಣು ಅರೆಮುಚ್ಚಿ, ಬಲಗೈಯನ್ನು ನಿಧಾನವಾಗಿ ಗಾಳಿಯಲ್ಲಿ ಎತ್ತಿದಳು. ಡಬ್ಬಿಂಗ್ ಥಿಯೇಟರಿನ ಆ ಕೋಣೆಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಕಂಠದಾನ ಕಲಾವಿದರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇದು ಆಕ್ಷನ್. ಇನ್ನು ಕಟ್ ನೋಡಿ...” ಅದೇ ಕೈಯನ್ನು ಅಷ್ಟೇ ಗತ್ತಿನಿಂದ ಇಳಿಸಿದಳು. “ಆಯ್ತು, ಡೈರೆಕ್ಷನ್ ಮುಗೀತು! ನಾಲಿಗೆ ಆಡಿಸ್ಬೇಕಂದ್ರೆ ಬೇರೆ ಕಾಲ್‌ಶೀಟ್ ಕೇಳ್ತಾರೇನೋ!”

ಮತ್ತೆ ನಗು. ಆ ನಗು ಕಿವಿಗೆ ಬಿದ್ದರೆ ಸಾಕು, ಅವಳ ಮೈಗೆ ರೆಕ್ಕೆ ಬಂದ ಹಾಗಾಗುತ್ತಿತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ತಿರುಗಿ ಒಪ್ಪಿಸುತ್ತಿದ್ದ ಅವಳನ್ನು ಥಿಯೇಟರಿನವರೆಲ್ಲ ಗಿಳಿ ಎಂದೇ ಕರೆಯುತ್ತಿದ್ದರು.

ಅವಳು ಆಡಿಕೊಳ್ಳುತ್ತಿದ್ದದ್ದು ಮೌನಿಯನ್ನು. ತೆರೆಯ ಮೇಲೆ ಗುಡುಗುವ, ತೆರೆಯಾಚೆ ಯಾರೊಂದಿಗೂ ತುಟಿ ಬಿಚ್ಚದ ದೊಡ್ಡ ಹೀರೋ. ಈಗ ಮೊದಲ ಸಲ ತಾನೇ ನಿರ್ದೇಶಕ, ತಾನೇ ನಿರ್ಮಾಪಕ. ಅವನ ಚಿತ್ರದ ಡಬ್ಬಿಂಗ್ ಶುರುವಾಗುವುದಿತ್ತು. ನಾಯಕಿಗೆ ದನಿ ಕೊಡುವ ಕೆಲಸ ಗಿಳಿಗೆ ಸಿಕ್ಕಿತ್ತು.

ಗಾಜಿನಾಚೆಯ ಕೋಣೆಯಲ್ಲಿ ದೀಪ ಆರಿತ್ತು. ಅಲ್ಲಿಂದ ಮಾತಾಡುವ ಸ್ಪೀಕರ್ ಕಿರ್ರೆಂದಿತು.

“ನ್... ನ್... ನ್...”

ಉಸಿರು ಎಲ್ಲೋ ಸಿಕ್ಕಿಹಾಕಿಕೊಂಡಂಥ ಸದ್ದು. ಧ್ವನಿಮುದ್ರಣದ ಕನ್ಸೋಲ್ ನೋಡಿಕೊಳ್ಳುವ, ಎಲ್ಲರೂ ಮಾಮ ಎನ್ನುವ ಹಿರಿಯನೇ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು ಗಿಳಿ. ಮರುಕ್ಷಣವೇ ಮೈಕಿಗೆ ಬಾಯಿಟ್ಟಳು.

“ನ್... ನ್... ನ್... ಏನ್ ಮಾಮ, ಗಂಟಲಲ್ಲಿ ಹಲ್ಲಿ ಬಿತ್ತಾ?”

ಈ ಸಲ ಬಂದ ನಗು ಮಧ್ಯದಲ್ಲೇ ನಿಂತುಹೋಯಿತು.

ಗಾಜಿನಾಚೆ ದೀಪ ಹತ್ತಿತ್ತು. ಸ್ಪೀಕರಿನ ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದವನು ಮಾಮ ಅಲ್ಲ. ಮೌನಿ!

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನ ಮುಖದ ಹಾಗಿತ್ತು ಅದು. ಅವನು ಗುಂಡಿಯಿಂದ ಬೆರಳು ತೆಗೆದ. ಬಾಗಿಲು ತೆರೆದು ಹೊರಟುಹೋದ.

ಗಿಳಿ ಕೈಯಲ್ಲಿದ್ದ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು.

*

“ಸೊಕ್ಕಲ್ಲ ಕಣೇ ಅದು,” ಎಂದ ಮಾಮ.

ಎಲ್ಲರೂ ಹೋದ ಮೇಲೆ ಕನ್ಸೋಲಿನ ಪಕ್ಕದ ಕುರ್ಚಿಯಲ್ಲಿ ಅವಳನ್ನು ಕೂರಿಸಿಕೊಂಡಿದ್ದ. ಗಂಟಲಿನ ಆಪರೇಷನ್ ಆದಮೇಲೆ ಅವನ ಮಾತು ಪಿಸುಗುಟ್ಟಿದಷ್ಟೇ ಕೇಳುತ್ತಿತ್ತು. ಅದಕ್ಕೂ ಮುಂಚೆ ಮೌನಿಯ ಎಲ್ಲ ಚಿತ್ರಗಳಿಗೂ ದನಿ ಕೊಟ್ಟವನು ಇದೇ ಮಾಮ. ಅದು ಥಿಯೇಟರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಡಬ್ಬಿಂಗಿಗೆ ಬರೋದಕ್ಕೆ ಹೀರೋಗೆ ಪುರುಸೊತ್ತಿಲ್ಲ ಎಂದೇ ಎಲ್ಲರೂ ನಂಬಿದ್ದರು.

“ಮತ್ತೆ?”

“ಮಾತು ಬರುತ್ತೆ. ಬರೋ ದಾರೀಲಿ ನಿಂತುಬಿಡುತ್ತೆ. ಚಿಕ್ಕಂದಿನಿಂದ ಹಾಗೇ. ಗೊತ್ತಿರೋದು ನನಗೆ, ಅವನ ಅಕ್ಕನಿಗೆ... ಈಗ ನಿನಗೆ.”

“ಮಾಮ... ನಾನು ಅದನ್ನೇ...”

“ಹೂಂ. ಅದನ್ನೇ ಮಾಡಿ ತೋರಿಸ್ದೆ. ಅದೂ ಅವನೆದುರಿಗೇ. ಬಲು ಚೆನ್ನಾಗಿ ಮಾಡ್ದೆ ಬಿಡು!”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಬೈದರೆ ಬೈಸಿಕೊಳ್ಳೋಣ, ಕೆಲಸದಿಂದ ತೆಗೆದರೆ ತೆಗೆಯಲಿ, ಆದರೆ ಮುಖ ತೋರಿಸದೆ ಓಡಿಹೋಗಬಾರದು. ಹಾಗೆ ಮನಸ್ಸು ಗಟ್ಟಿ ಮಾಡಿಕೊಂಡು ಮಾರನೆಯ ಬೆಳಿಗ್ಗೆ ಮೌನಿಯ ಆಫೀಸಿಗೆ ಹೋದಳು.

ಆಫೀಸೆಂದರೆ ಒಂದು ಹಳೆಯ ಮನೆಯ ಮೇಲಂತಸ್ತು. ಗೋಡೆ ತುಂಬ ದೃಶ್ಯಗಳ ಚಿತ್ರ ಬರೆದು ಅಂಟಿಸಿದ್ದರು. ಮೂಲೆಯ ಮೇಜಿನಲ್ಲಿ ಅವನ ಅಕ್ಕ ಫೋನಿನಲ್ಲಿ ಯಾರಿಗೋ ಲೈಟುಗಳ ಬಾಡಿಗೆ ಬಗ್ಗೆ ದಬಾಯಿಸುತ್ತಿದ್ದಳು. ಮೌನಿ ಕಿಟಕಿಯ ಬಳಿ ನಿಂತಿದ್ದ.

“ಸರ್... ನಿನ್ನೆ ನಾನು...”

ಅವನು ಕೈಯಿಂದ ತಡೆದ. ಮಾತಿಗೆ ತಯಾರಾಗುವವನ ಹಾಗೆ ಉಸಿರೆಳೆದುಕೊಂಡ.

“ಅ... ಅದನ್ನ ಇನ್ನೊಂದ್ಸಲ ಮಾಡಿ.”

“ಸರ್?!”

“ನಿನ್ನೆ ಮಾ... ಮಾಡಿದ್ರಲ್ಲ. ಅದು.”

ಅವಳ ಕಣ್ಣು ತುಂಬಿಬಂತು. “ಶಿಕ್ಷೆ ಕೊಡ್ಬೇಕಂದ್ರೆ ಬೇರೆ ಏನಾದ್ರೂ ಕೊಡಿ ಸರ್. ಇದೊಂದು ಬೇಡ.”

“ಶಿಕ್ಷೆ ಅಲ್ಲ.” ಅವನ ತುಟಿಯಂಚಿನಲ್ಲಿ ನಗು ಮಿಂಚಿ ಹೋಯಿತು. “ಕೆ... ಕೆಲಸ!”

ಅವನಿಗಿಂತ ಬೇಗ ಅಕ್ಕನೇ ವಿವರಿಸಿದಳು. ಚಿತ್ರದ ಕಥೆ ತೊದಲುವ ಒಬ್ಬ ವಕೀಲನದು. ಮೌನಿಯದೇ ಪಾತ್ರ. ಕ್ಯಾಮೆರಾ ಮುಂದೆ ಅವನು ನಿಜವಾಗಿಯೇ ತೊದಲಿದ್ದ. ಎಷ್ಟು ಸೊಗಸಾಗಿ ಅಭಿನಯಿಸುತ್ತಾರೆ ಎಂದು ಯುನಿಟ್ಟೆಲ್ಲ ಬೆರಗಾಗಿತ್ತು. ಆದರೆ ಬೀದಿಯ ಗದ್ದಲದಿಂದ ಧ್ವನಿ ಕೆಟ್ಟಿತ್ತು, ಎಲ್ಲವನ್ನೂ ಡಬ್ ಮಾಡಲೇಬೇಕಿತ್ತು. ಈ ಸಲ ಬೇರೆಯವರ ದನಿ ಬೇಡವೆಂದು ಅವನು ಹಟ ಹಿಡಿದಿದ್ದ.

“ತೊದಲು ಹೇಳಿದ ಹಾಗೆ ಕೇಳುತ್ತೇನಮ್ಮ?” ಎಂದಳು ಅಕ್ಕ. “ತೆರೆ ಮೇಲೆ ‘ಸಾಕ್ಷಿ’ ಅನ್ನೋದ್ರಲ್ಲಿ ತಡೆದಿರುತ್ತೆ. ಮಾಮನ ಜೊತೆ ಗುಟ್ಟಾಗಿ ಮಾಡಿ ನೋಡಿದ್ವಿ, ಮೈಕ್ ಮುಂದೆ ನಿಂತ್ರೆ ‘ಸಾಕ್ಷಿ’ ಸಲೀಸಾಗಿ ಬರುತ್ತೆ, ‘ನ್ಯಾಯ’ದಲ್ಲಿ ತಡೆಯುತ್ತೆ. ತುಟಿಗೂ ಮಾತಿಗೂ ಹೊಂದಲ್ಲ.”

“ನನ್ನ ತೊ... ತೊದಲು ನನಗೇ ಬರ್ತಿಲ್ಲ,” ಎಂದ ಮೌನಿ. “ನಿಮಗೆ ಬರುತ್ತೆ. ಕ... ಕಲಿಸಿಕೊಡಿ.”

ಜಗತ್ತಿನಲ್ಲಿ ಯಾವ ಹುಡುಗಿಗೂ ಇಂಥ ಕೆಲಸ ಸಿಕ್ಕಿರಲಿಕ್ಕಿಲ್ಲ. ಗಿಳಿ ಅಳುತ್ತಲೇ ನಕ್ಕುಬಿಟ್ಟಳು. ಅವನೂ ನಕ್ಕ. ಅಕ್ಕ ಮಾತ್ರ ನಗಲಿಲ್ಲ. “ಈ ವಿಷಯ ಈ ಕೋಣೆ ದಾಟಬಾರದು,” ಎಂದಳು.

“ನನ್ನಾಣೆಗೂ ಇಲ್ಲ ಅಕ್ಕಾ!” ಎಂದಳು ಗಿಳಿ.

*

ದಿನಾ ಮಧ್ಯಾಹ್ನ ಅವರಿಬ್ಬರೂ ಡಬ್ಬಿಂಗ್ ಕೋಣೆಯಲ್ಲಿ ಕೂರುತ್ತಿದ್ದರು. ಗಾಜಿನಾಚೆ ಮಾಮ. ತೆರೆಯ ಮೇಲೆ ತುಟಿಗಳು. ಗಿಳಿ ನೋಡಿ, ತಡೆ ಎಲ್ಲಿದೆ, ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹಿಡಿದು ಮೆಲ್ಲಗೆ ಹೇಳಿಕೊಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡು ತಿರುಗಿ ಹೇಳುತ್ತಿದ್ದ.

ಮಧ್ಯೆ ಬಿಡುವಾದಾಗ ತನ್ನ ಕಥೆ ಹೇಳುತ್ತಿದ್ದ. ಮೊದಲಿಗೆ ಅವನು ಹೀರೋಗಳ ಡ್ಯೂಪ್. ಅವರ ಬದಲು ಮಾಳಿಗೆಯಿಂದ ಬೀಳುವುದು, ಗಾಜು ಒಡೆದುಕೊಂಡು ಹೋಗುವುದು.

“ಬೀಳೋದಕ್ಕೆ ಮಾ... ಮಾತು ಬೇಡ ನೋಡಿ. ಆರಾಮಾಗಿತ್ತು.”

ಒಂದು ದಿನ ಬಿದ್ದು ಎದ್ದವನ ಮುಖ ಕ್ಯಾಮೆರಾ ಕಣ್ಣಿಗೆ ಬಿತ್ತು. ಮುಂದಿನ ಚಿತ್ರಕ್ಕೆ ಅವನೇ ಹೀರೋ! ಮೊದಲ ಡೈಲಾಗಿನ ದಿನ ಬಾಯಿ ತೆರೆದರೆ ಮಾತೇ ಬರಲಿಲ್ಲ. ಸುತ್ತ ಯಾರೋ ಕಿಸಕ್ಕೆಂದರು. ನಿರ್ದೇಶಕರು ಹೊಸಬನ ಅಂಜಿಕೆ ಎಂದುಕೊಂಡು ಹತ್ತಿರ ಬಂದು, ಬರೀ ಅಂಕಿ ಎಣಿಸು ಸಾಕು, ಮಾತನ್ನು ಆಮೇಲೆ ಹಾಕಿಸೋಣ ಎಂದರಂತೆ.

“ಅಂಕಿ ಸಲೀಸಾಗಿ ಬರುತ್ತೆ ನನಗೆ. ತಾಯಿ ಸತ್ತ ಸೀನಿಗೂ ಎ... ಎಣಿಸಿದೀನಿ. ಪ್ರೀತಿ ಹೇಳೋ ಸೀನಿಗೂ ಎಣಿಸಿದೀನಿ.”

“ಎದುರಿಗಿದ್ದ ಹೀರೋಯಿನ್ ನಗ್ತಿರಲಿಲ್ವಾ?”

“ಅವರು ನಮ್ಮ ಭಾಷೆ ಬರದೋರು. ಅದೇ ಡೈಲಾಗ್ ಅಂದ್ಕೊಂಡಿದ್ರು!”

ಗಿಳಿ ನಕ್ಕು ನಕ್ಕು ಮೇಜಿಗೆ ಹಣೆ ಕುಟ್ಟಿಕೊಂಡಳು. ಅವನು ಅವಳ ನಗುವನ್ನೇ ನೋಡುತ್ತ ಕೂತಿದ್ದ. ಆಮೇಲೆ ಸ್ವರ ತಗ್ಗಿಸಿ ಹೇಳಿದ:

“ಚಿತ್ರಗಳು ಓಡಿದ್ವು. ಬೀದೀಲಿ ಜನ ನನ್ನ ಡೈಲಾಗ್ ಕೂಗ್ತಿದ್ರು. ನಾನು ಕೈ ಎತ್ತಿ ನ... ನಗ್ತಿದ್ದೆ. ಆ ದನಿ ನಂದಲ್ಲ ಅಂತ ಒಂದಿನಾನೂ ಹೇಳಲಿಲ್ಲ. ಅದಕ್ಕೇ ಈ ಚಿತ್ರ. ಯಾವ ನಿರ್ಮಾಪಕರೂ ಒಪ್ಪಲಿಲ್ಲ. ನಾನೇ ಆದೆ.”

ಅವನ ತೊದಲು ಅವಳೊಂದಿಗಿದ್ದಾಗ ಕಡಿಮೆಯಾಗುತ್ತಿತ್ತು ಎಂದೇನೂ ಅಲ್ಲ. ಆದರೆ ಮುಚ್ಚಿಡುವ ಕಷ್ಟ ಅವನಿಗೆ ಇರಲಿಲ್ಲ. ಅದು ಅವಳಿಗೆ ಗೊತ್ತಾಗುತ್ತಿತ್ತು. ಅವನ ಪ್ರತಿಯೊಂದು ತಡೆಯೂ ಅವಳಿಗೆ ಬಾಯಿಪಾಠವಾಗಿತ್ತು. ಬಸ್ಸಿನಲ್ಲಿ, ತಲೆ ಬಾಚಿಕೊಳ್ಳುವಾಗ, ನಿದ್ದೆ ಬರುವ ಮುಂಚೆ... ಅವನ ದನಿಯೇ ಕಿವಿಯಲ್ಲಿ.

‘ಇದೇನಾಗ್ತಿದೆ ನನಗೆ?’

ಏನಾಗುತ್ತಿದೆ ಎಂದು ಗೊತ್ತಿದ್ದೂ ಕೇಳಿಕೊಳ್ಳುತ್ತಿದ್ದಳು. ಒಮ್ಮೆ ಸ್ಕ್ರಿಪ್ಟಿನ ಹಾಳೆ ತಿರುವುವಾಗ ಇಬ್ಬರ ಬೆರಳೂ ತಾಗಿದವು. ಯಾರೂ ಹಿಂದೆ ಎಳೆದುಕೊಳ್ಳಲಿಲ್ಲ. ಗಾಜಿನಾಚೆ ಮಾಮ ಎಂದೂ ಒರೆಸದ ಕನ್ಸೋಲನ್ನು ಆವತ್ತು ತಲೆ ಬಗ್ಗಿಸಿ ಒರೆಸುತ್ತಲೇ ಇದ್ದ.

*

ಚಿಕ್ಕಮ್ಮನ ಮಗಳ ಹುಟ್ಟುಹಬ್ಬ ಬಂತು. ಗಿಳಿಯ ಮನೆಯ ಮುಂದಿನ ಕೋಣೆಯಲ್ಲಿ ಅವಳಮ್ಮನ ಹೊಲಿಗೆ ಮಿಷನ್ ಸರಿಸಿ ಜಾಗ ಮಾಡಿದ್ದರು. ಕೇಕ್ ಕತ್ತರಿಸಿ ಆಯಿತು. ನೆಂಟರೆಲ್ಲ ಒತ್ತೊತ್ತಿ ಕೂತಿದ್ದರು.

“ಗಿಳೀ, ಏನಾದ್ರೂ ಮಾಡೇ!” ಎಂದಳು ಚಿಕ್ಕಮ್ಮ.

ಮಾಡಿದಳು. ಟೀವಿ ವಾರ್ತೆಯವಳ ದನಿ, ಮೂಗಿನಲ್ಲೇ ಮಾತಾಡುವ ಬ್ಯಾಂಕಿನವನ ದನಿ. ನಗು ಏರುತ್ತ ಹೋಯಿತು. ಹುಡುಗಿಯರು ಕೂಗಿದರು, “ಅಕ್ಕಾ, ಮೌನಿದು ಮಾಡು! ನೀನು ಅವರ ಜೊತೇನೇ ಕೆಲಸ ಮಾಡ್ತೀಯಲ್ಲ!”

ಮಾಮನ ಹಳೆಯ ಗುಡುಗಿನ ದನಿಯಲ್ಲಿ ಒಂದು ಡೈಲಾಗ್ ಹೇಳಿದಳು.

“ಅಯ್ಯೋ, ಇದು ಎಲ್ಲರಿಗೂ ಬರುತ್ತೆ!” ಎಂದು ಚಿಕ್ಕಮ್ಮನ ಮಗಳು ಮೂತಿ ತಿರುಗಿಸಿದಳು.

ಅಲ್ಲೇ ಆದದ್ದು. ಅವಳ ಎದೆಯಲ್ಲಿ ಒಂದು ಹೆಮ್ಮೆ ಇತ್ತು. ಇಷ್ಟು ಜನರಲ್ಲಿ ಅವನನ್ನು ಬಲ್ಲವಳು ತಾನೊಬ್ಬಳೇ ಎನ್ನುವ ಹೆಮ್ಮೆ. ಅದು ಬಾಯಿಗೆ ಬಂದುಬಿಟ್ಟಿತು.

“ಅವರ ನಿಜವಾದ ದನಿ ಕೇಳ್ಬೇಕಾ?”

ಎಲ್ಲರೂ ಮುಂದಕ್ಕೆ ಬಾಗಿದರು.

“ತಾ... ತಾಯಿ ಸತ್ತ ಸೀನಿಗೂ ಎ... ಎ... ಎಣಿಸಿದೀನಿ...”

ಮೊದಲ ತಡೆಗೇ ಕೋಣೆ ಬಿರಿಯುವ ಹಾಗೆ ನಕ್ಕರು. ಅವಳು ಇನ್ನಷ್ಟು ಎಳೆದಳು. ಅವನು ಎಳೆಯುವುದಕ್ಕಿಂತ ಹೆಚ್ಚು! ಕಣ್ಣು ಪಿಳಿಪಿಳಿ ಬಿಟ್ಟಳು. ಅವನು ಎಂದೂ ಹಾಗೆ ಬಿಟ್ಟವನೇ ಅಲ್ಲ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಯಾರೋ ಫೋನನ್ನು ಇವಳತ್ತ ಹಿಡಿದಿದ್ದರು. ನೋಡಿದಳು. ನೋಡಿಯೂ ನಿಲ್ಲಿಸಲಿಲ್ಲ.

ಎಲ್ಲ ಮುಗಿದು ಪಾತ್ರೆ ತೊಳೆಯುವಾಗ ಕೈ ನಿಂತುಹೋಯಿತು.

‘ಏನು ಮಾಡಿದೆ ನಾನು?’

ಪ್ರೀತಿಯಿಂದಲೇ ಮಾಡಿದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಅವಳ ಕಿವಿಗೇ ಸುಳ್ಳೆನ್ನಿಸಿತು.

*

ಮಾರನೆಯ ದಿನ ಅವಳು ಥಿಯೇಟರ್ ತಲುಪುವಷ್ಟರಲ್ಲಿ ಆ ವಿಡಿಯೋ ಊರೆಲ್ಲ ಸುತ್ತಿ ಬಂದಿತ್ತು. ಮೆಟ್ಟಿಲ ಬಳಿ ಯಾರೋ ಫೋನಿನಲ್ಲಿ ನೋಡುತ್ತಿದ್ದರು. ಅವಳದೇ ದನಿ. ಅದರ ಮೇಲೆ ನಗು. ‘ಹೀರೋ ಬಣ್ಣ ಬಯಲು!’ ಎಂದು ಯಾರೋ ಹೆಸರಿಟ್ಟಿದ್ದರು.

ಮೌನಿ ಡಬ್ಬಿಂಗ್ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ. ಕೇಳಲೇಬೇಕಾದದ್ದೊಂದಿತ್ತು, ಅದು ಹೊರಗೆ ಬರಲು ತುಂಬ ಹೊತ್ತು ಹಿಡಿಯಿತು.

“ನ... ನನ್ನ ಜೊತೆ ಕೂತಿದ್ದಾಗೆಲ್ಲ... ನೀವು ಅ... ಅ... ಅಭ್ಯಾಸ ಮಾಡ್ಕೋತಿದ್ರಾ?”

ಇಲ್ಲ ಎಂದು ಕೂಗಬೇಕೆನ್ನಿಸಿತು. ಆದರೆ ನಿನ್ನೆಯ ಆ ನಗು, ಆ ಎಳೆತ, ಆ ಕಣ್ಣು ಪಿಳುಕಿಸಿದ್ದು... ಯಾವ ಬಾಯಿಂದ ಇಲ್ಲ ಅನ್ನುವುದು? ಎಲ್ಲರ ದನಿಯೂ ಬರುತ್ತಿದ್ದ ಬಾಯಿಗೆ ಒಂದು ಮಾತೂ ಬರಲಿಲ್ಲ.

ಅವಳ ಮೌನವನ್ನೇ ಅವನು ಉತ್ತರವೆಂದುಕೊಂಡ. ತಲೆಯಾಡಿಸಿ ಹೊರಟುಹೋದ.

*

ಚಿತ್ರ ಕೊಳ್ಳಲು ಒಪ್ಪಿದ್ದ ವಿತರಕರು ಹಿಂದೆ ಸರಿದರು. ಅಭಿನಯ ಅಂದ್ಕೊಂಡಿದ್ವಿ, ನಿಜವಾದ ತೊದಲಾದರೆ ಜನ ಥಿಯೇಟರಿನಲ್ಲಿ ನಗ್ತಾರೆ, ಬೇರೆಯವರ ದನಿ ಹಾಕಿಸಿ ಎಂದರಂತೆ. ಮೌನಿ ಮನೆಯಿಂದ ಹೊರಗೆ ಬರುವುದು ಬಿಟ್ಟಿದ್ದ. ಮಾಮನೇ ಫೋನಿನಲ್ಲಿ ಇಷ್ಟನ್ನೂ ಪಿಸುಗುಟ್ಟಿದ.

ಗಿಳಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಮ್ಮ ಬಂದು ಪಕ್ಕದಲ್ಲಿ ಕೂತಳು.

“ನಾನೂ ನಕ್ಕೆ ಕಣೇ,” ಎಂದಳು ಅಮ್ಮ. “ನೀನು ಇಷ್ಟು ದಿನ ಆ ಹುಡುಗನ ಬಗ್ಗೆ ಹೇಳ್ತಿದ್ದಾಗ ಎಷ್ಟು ಮುದ್ದಾಗಿ ಹೇಳ್ತಿದ್ದೆ. ಅವನ ನೋವನ್ನೇ ಇಟ್ಕೊಂಡು ನಗಿಸ್ತಿದೀಯಾ ಅಂತ ನನಗೆ ಆಗ ಹೊಳೀಲೇ ಇಲ್ಲ. ತಾಯಿಯಾಗಿ ನಿನ್ನ ಬಾಯಿ ಮುಚ್ಚಿಸ್ಬೇಕಿತ್ತು.”

“ನೀನ್ಯಾಕಮ್ಮ ತಲೆ ತಗ್ಗಿಸ್ತೀಯಾ? ತಪ್ಪು ನಂದು.”

“ಹಾಗಾದ್ರೆ ಮಲಗಿದ್ರೆ ಆಗುತ್ತಾ? ಏಳು. ಹೋಗು.”

ಹೋದಳು. ಅವನ ಮನೆಯ ಬಾಗಿಲು ತೆರೆದದ್ದು ಅಕ್ಕ. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ಅಡ್ಡ ನಿಂತಳು.

“ಅಕ್ಕಾ... ಒಂದೇ ಒಂದು ಸಲ...”

“ಚಿಕ್ಕವನಿದ್ದಾಗ ಬೀದಿ ಹುಡುಗರು ಹೀಗೇ ಆಡಿಸ್ತಿದ್ರು ಅವನನ್ನ. ಕಲ್ಲು ತಗೊಂಡು ಓಡಿಸ್ತಿದ್ದೆ ನಾನು.” ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ಆ ಹುಡುಗರಿಗೆ ಅವನು ಯಾರು ಅಂತ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು!”

“ಹೌದು ಅಕ್ಕಾ.”

“ಪ್ರೀತಿ ಗೀತಿ ಅಂತ ಹೇಳೋಕೆ ಬಂದಿದ್ರೆ ಬಂದ ದಾರೀಲೇ ಹೋಗು.”

“ಹಾಗೆ ಹೇಳೋಕೆ ಬಂದಿಲ್ಲ. ಹಾಗೆ ಹೇಳೋಕೆ ನನಗೆ ಮುಖ ಇಲ್ಲ.”

ಅಕ್ಕ ಅವಳನ್ನೇ ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡಳು. ಗಿಳಿಗೆ ಬೇಜಾರಾಗಲಿಲ್ಲ. ಆ ಬಾಗಿಲಿನ ಈಚೆ ನಿಲ್ಲುವುದೇ ತನಗೆ ತಕ್ಕದ್ದು ಎನ್ನಿಸಿತು.

*

ಕೆಲವು ದಿನ ಕಳೆದು ಸುದ್ದಿ ಬಂತು. ಮೌನಿ ಪತ್ರಿಕಾಗೋಷ್ಠಿ ಕರೆದಿದ್ದಾನೆ. ಚಿತ್ರ ನಿಲ್ಲಿಸುತ್ತಾನಂತೆ, ಇಲ್ಲ, ದನಿ ಬದಲಿಸುತ್ತಾನಂತೆ ಎಂದು ಬಾಯಿಗೊಂದು ಮಾತು. ಗಿಳಿ ಹೋಗಿ ಹೋಟೆಲಿನ ಆ ದೊಡ್ಡ ಕೋಣೆಯ ಕೊನೆಯ ಸಾಲಿನಲ್ಲಿ ಕೂತಳು. ಯಾರ ಕಣ್ಣಿಗೂ ಬೀಳದಂತೆ ದುಪಟ್ಟ ಎಳೆದುಕೊಂಡಿದ್ದಳು.

ಎದುರಿನ ಮೇಜಿನ ಹಿಂದೆ ಮೌನಿ, ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮಾಮ. ಯಾವಾಗಲೂ ಅವನ ಪರವಾಗಿ ಅಕ್ಕನೇ ಓದುತ್ತಿದ್ದಳು. ಆವತ್ತೂ ಅವಳೇ ಮೈಕ್ ಹತ್ತಿರ ಎಳೆದುಕೊಂಡಳು. ಮೌನಿ ಅದನ್ನು ತನ್ನ ಕಡೆ ತಿರುಗಿಸಿಕೊಂಡ.

“ನ... ನ... ನಮಸ್ಕಾರ.”

ಕ್ಯಾಮೆರಾಗಳು ಪಟಪಟನೆ ಮಿನುಗಿದವು. ಎಲ್ಲೋ ಒಬ್ಬ ನಕ್ಕ. ಮೌನಿ ನಿಲ್ಲಿಸಿದ. ಆ ನಗು ಮುಗಿಯುವವರೆಗೂ ಕಾದ. ಬೆವರು ಒರೆಸಿಕೊಂಡ.

ಗಿಳಿ ಉಗುರನ್ನು ಅಂಗೈಗೆ ಒತ್ತಿ ಹಿಡಿದಳು. ‘ಸಾಕು ಮಾಡಿ... ನಿಮ್ಮನ್ನ ಈ ಜನರೆದುರು ತಂದು ನಿಲ್ಲಿಸಿದ್ದು ನಾನು... ಸಾಕು!’

ಅವನು ಸಾಕು ಮಾಡಲಿಲ್ಲ.

“ವಿಡಿಯೋ ನೋ... ನೋಡಿದೀರಿ. ಅದು ನಿಜ. ನಾನು ಮಾತಾಡೋದು ಹೀಗೇ. ಇಷ್ಟು ವರ್ಷ ನೀವು ಚಪ್ಪಾಳೆ ಹೊಡೆದದ್ದು ಇ... ಇವರ ದನಿಗೆ.” ಮಾಮನ ಭುಜ ಮುಟ್ಟಿದ. “ಯಾವ ಚಿತ್ರದ ಟೈಟಲ್ ಕಾರ್ಡಿನಲ್ಲೂ ಇವರ ಹೆಸರಿಲ್ಲ. ಹಾಕ್ಬೇಡಿ ಅಂತ ಹೇಳಿದ್ದು ನಾ... ನಾನೇ. ಗೊತ್ತಾಗಿಬಿಡುತ್ತೆ ಅಂತ ಹೆದರಿ. ಇವರ ಗಂಟಲು ಹೋಯ್ತು. ಹೆಸರೂ ಉಳೀಲಿಲ್ಲ. ನನಗೆ ನಾ... ನಾಚಿಕೆ ಆಗಬೇಕಾದ್ದು ತೊದಲಿಗಲ್ಲ. ಇದಕ್ಕೆ.”

ಮಾಮ ತಲೆ ಬಗ್ಗಿಸಿ ಕನ್ನಡಕ ತೆಗೆದ. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು.

“ಚಿತ್ರ ನಿಲ್ಲಲ್ಲ. ದನಿ ನಂ... ನಂದೇ. ಬಿಡುಗಡೆ ಆಗುತ್ತೋ ಇಲ್ವೋ ಗೊತ್ತಿಲ್ಲ.”

ಒಬ್ಬ ಪತ್ರಕರ್ತ ಎದ್ದ. “ಸರ್, ಆ ವಿಡಿಯೋ ಹುಡುಗಿ ಮೇಲೆ ಕೇಸ್ ಹಾಕ್ತೀರಾ? ನಿಮ್ಮ ವಿರೋಧಿಗಳು ಅವಳನ್ನ ಛೂ ಬಿಟ್ಟಿದ್ರು ಅಂತಾರೆ?”

“ಯಾರೂ ಬಿಡಲಿಲ್ಲ!”

ಎಲ್ಲರೂ ಹಿಂದೆ ತಿರುಗಿದರು. ಯಾವಾಗ ಎದ್ದು ನಿಂತಳೋ ಗಿಳಿಗೇ ಗೊತ್ತಿರಲಿಲ್ಲ. ಕ್ಯಾಮೆರಾಗಳೆಲ್ಲ ಅವಳತ್ತ ಹೊರಳಿದವು.

“ಆ ಹುಡುಗಿ ನಾನೇ.” ದನಿ ಕೀರಲಾಗಿ ಬಂತು. ಅದನ್ನು ತಿದ್ದಿಕೊಳ್ಳಲು ಹೋಗಲಿಲ್ಲ. “ಇವರು ನನ್ನನ್ನ ನಂಬಿ ತಮ್ಮ ಮಾತು ನನ್ನ ಕೈಗೆ ಕೊಟ್ಟಿದ್ರು. ನಾನು ಅದನ್ನ ನೆಂಟರ ಮುಂದೆ ಆಟ ಆಡಿಸ್ದೆ. ತಮಾಷೆಗೆ ಅಂತ ಹೇಳಬಹುದು, ಪ್ರೀತಿಗೆ ಅಂತಾನೂ ಹೇಳಬಹುದು. ಅದೆಲ್ಲ ನೆಪ. ಎಲ್ರೂ ನಗ್ತಿದ್ರು, ನನಗೆ ಆ ನಗು ಬೇಕಿತ್ತು. ಅದಕ್ಕೇ ಇಲ್ಲದ್ದನ್ನೂ ಸೇರಿಸಿ ಮಾಡ್ದೆ. ಇವರು ಯಾವತ್ತೂ ಹಾಗೆ ಕಣ್ಣು ಪಿಳುಕಿಸಲ್ಲ. ಅದು... ಅದು ನಂದು.”

“ಒಂದ್ಸಲ ಮಾಡಿ ತೋರಿಸ್ರೀ!” ಎಂದು ಮೂಲೆಯಿಂದ ಯಾರೋ ಕೂಗಿದರು.

ಅವಳ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. “ಇನ್ನು ಯಾವತ್ತೂ ಇಲ್ಲ,” ಎಂದಳು.

ಮೌನಿ ಅವಳನ್ನೇ ನೋಡುತ್ತಿದ್ದ. ಕ್ಷಮಿಸಿದೆ ಎಂದು ಆ ಕಣ್ಣು ಹೇಳಲಿಲ್ಲ. ಹೊರಟುಹೋಗು ಎಂದೂ ಹೇಳಲಿಲ್ಲ. ಅವಳೇ ಹೊರಟಳು. ಬೀದಿಗೆ ಬಂದು ಒಂದು ಅಂಗಡಿಯ ಬಾಗಿಲ ಪಕ್ಕ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

*

ಭಾನುವಾರ ಬೆಳಿಗ್ಗೆ ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತು ಒಂದು ರವಿಕೆಯ ತೋಳು ಬಿಚ್ಚುತ್ತಿದ್ದಳು. ಗಿಳಿ ಗುಂಡಿ ಹಚ್ಚುತ್ತಿದ್ದಳು. ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು.

ಮೌನಿ!

ಸೂಜಿ ಬೆರಳಿಗೆ ಚುಚ್ಚಿತು. ಅಮ್ಮ ಇಬ್ಬರ ಮುಖವನ್ನೂ ನೋಡಿದಳು. “ಒಳಗೆ ಬಾಪ್ಪ. ಕೂತ್ಕೋ. ನಾನು... ನೀಲಿ ದಾರ ಮುಗಿದಿದೆ, ತಗೊಂಡು ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬಿಚ್ಚುತ್ತಿದ್ದ ರವಿಕೆಯ ಬಣ್ಣ ಹಳದಿ.

ಅವನು ಬಟ್ಟೆಯ ರಾಶಿ ಸರಿಸಿ ಸ್ಟೂಲಿನ ಮೇಲೆ ಕೂತ. ಅವಳು ಎದ್ದು ನಿಂತಳು.

“ಅಕ್ಕ ಕೆಳಗಿದ್ದಾರೆ. ಕಾ... ಕಾರಲ್ಲಿ.”

“ಮೇಲೆ ಬರೋಕೆ ಹೇಳ್ಬೇಕಿತ್ತು...”

“ಹೇಳ್ದೆ. ಬರಲ್ಲ ಅಂದ್ರು. ಆದ್ರೆ ಕಾರು ಓಡಿಸ್ಕೊಂಡು ಬಂದಿದ್ದು ಅ... ಅವರೇ.”

ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮುದ್ದೆ ಮಾಡಿದಳು.

“ಸರ್, ಕ್ಷಮಿಸಿ ಅಂತ ಕೇಳೋಕೂ ನನಗೆ ನಾಚಿಕೆ ಆಗುತ್ತೆ.”

“ಕೇಳ್ಬೇಡಿ. ನನಗಿನ್ನೂ ಸಿ... ಸಿಟ್ಟು ಹೋಗಿಲ್ಲ.”

“ಹೋಗ್ದೇ ಇರಲಿ. ನೀವು ಬರೋವಾಗ ಅದನ್ನೂ ಕರ್ಕೊಂಡೇ ಬನ್ನಿ.”

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

“ಆವತ್ತು ಕೇಳಿದ್ನಲ್ಲ. ಅಭ್ಯಾಸ ಮಾಡ್ಕೋತಿದ್ರಾ ಅಂತ. ನೀವು ಏನೂ ಹೇ... ಹೇಳಲಿಲ್ಲ.”

“ಹೇಳೋಕೆ ಆಗ್ಲಿಲ್ಲ. ಹಾಗೆ ಮಾಡಿ ಬಂದ ಮೇಲೆ ಇಲ್ಲ ಅಂದ್ರೆ ನೀವು ಯಾಕೆ ನಂಬ್ತೀರಾ?” ಅವಳು ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. “ಅಭ್ಯಾಸಕ್ಕೆ ಕೂತಿರಲಿಲ್ಲ ಸರ್. ನಿಮ್ಮ ದನಿ ಕೇಳ್ತಾ ಇರ್ಬೇಕು ಅಂತ ಕೂತಿದ್ದೆ. ಕೆಲಸ ಮುಗಿದ ಮೇಲೂ ಕೇಳಿಸ್ತಾನೇ ಇತ್ತು. ಅಡುಗೆ ಮಾಡುವಾಗ, ಬಸ್ಸಲ್ಲಿ... ಇವೆಲ್ಲ ನಿಜ. ಆವತ್ತು ನಾನು ಮಾಡಿದ್ದೂ ನಿಜ. ಎರಡೂ ನಾನೇ. ನನಗೆ ಅದೇ ಸಂಕಟ.”

ಅವನು ಎದ್ದ. ಅವಳ ಕೈಯಿಂದ ಮುದ್ದೆಯಾದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು ಮಿಷನ್ ಮೇಲಿಟ್ಟ. ಚುಚ್ಚಿದ ಬೆರಳಿನಲ್ಲಿ ರಕ್ತದ ಚುಕ್ಕೆ ಇತ್ತು. ತನ್ನ ಕರವಸ್ತ್ರದಿಂದ ಒತ್ತಿ ಹಿಡಿದ.

“ಮಾಮನಿಗೆ ನಾನೂ ಹಾಗೇ ಮಾ... ಮಾಡಿದೀನಿ. ಅವರನ್ನ ಪ್ರೀತಿಸ್ತಾನೇ. ಅದು ಗೊತ್ತಿದ್ದು ನಿಮ್ಮನ್ನ ಒ... ಒಬ್ಬರನ್ನೇ ಹೇಗೆ ಬಯ್ಯಲಿ?”

“ಬೈರಿ. ಬೈದ್ರೆ ಹಗುರಾಗುತ್ತೆ.”

“ಬೈಯೋಕೆ ತುಂಬಾ ಹೊ... ಹೊತ್ತು ಹಿಡಿಯುತ್ತೆ ನನಗೆ. ಊಟದ ಹೊತ್ತಾಗಿಬಿಡುತ್ತೆ!”

ಅವಳಿಗೆ ನಗು ಬಂತು. ಬಂದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಆ ಕೈಯನ್ನು ಕೆಳಗಿಳಿಸಿದ.

“ನಗಿ. ಇದು ನಾನೇ ಮಾಡಿದ ತಮಾಷೆ.”

ಅವಳು ನಗುತ್ತ ಅತ್ತಳೋ, ಅಳುತ್ತ ನಕ್ಕಳೋ. ಅವನು ಕರವಸ್ತ್ರವನ್ನು ಬೆರಳಿನಿಂದ ಕೆನ್ನೆಗೆ ದಾಟಿಸಿದ.

“ಒಂದು ಮಾತು ಹೇ... ಹೇಳ್ಬೇಕು. ಪ್ರೀತಿ ಹೇಳೋ ಸೀನು ಎಷ್ಟೋ ಮಾಡಿದೀನಿ. ಮಾತು ಹೇಳಿ ಗೊ... ಗೊತ್ತಿಲ್ಲ. ತಡ ಆಗುತ್ತೆ.”

“ಆಗ್ಲಿ.”

ಅವನು ಶುರು ಮಾಡಿದ. ಮೊದಲ ಅಕ್ಷರದಲ್ಲೇ ಉಸಿರು ನಿಂತಿತು. ಮತ್ತೆ ಶುರು ಮಾಡಿದ. ಮುಂದಿನ ಅಕ್ಷರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ತುಟಿ ಬಿಗಿದು ಹಿಡಿದಳು. ಆ ಮಾತು ಅವನದು. ಅವನಿಗೇ ಸಿಗಲಿ. ಬಾಗಿಲಾಚೆ ಮೆಟ್ಟಿಲ ಮೇಲೆ ಅಮ್ಮನ ಚಪ್ಪಲಿ ಸದ್ದು ಹತ್ತಿ ಬಂತು, ನಿಂತಿತು, ಮತ್ತೆ ಇಳಿದು ಹೋಯಿತು.

“ನಿ... ನಿಮ್ಮನ್ನ... ಪ್... ಪ್ರೀ... ಪ್ರೀತಿಸ್ತೀನಿ.”

ಅವನ ಹಣೆಯೆಲ್ಲ ಬೆವರಿತ್ತು. ಎಷ್ಟೋ ನಾಯಕಿಯರಿಗಾಗಿ ಈ ಮಾತಿಗೆ ಅವಳು ಉತ್ತರ ಹೇಳಿದ್ದಳು. ಇಂಪಾಗಿ, ನಿಟ್ಟುಸಿರು ಸೇರಿಸಿ. ಈಗ ಒಂದೂ ನೆನಪಿಗೆ ಬರಲಿಲ್ಲ.

“ನಾನೂ,” ಎಂದಳು ಗಡಿಬಿಡಿಯಲ್ಲಿ. “ನಾನೂ ಅಷ್ಟೇ. ಪ್ರೀತಿಸ್ತೀನಿ.”

ಮೌನಿ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಥೇಟ್ ನಿರ್ದೇಶಕನ ಹಾಗೆ ಅವಳನ್ನು ನೋಡಿದ.

“ತುಂಬಾ ಫಾ... ಫಾಸ್ಟಾಯ್ತು,” ಎಂದ. “ಒ... ಒನ್ ಮೋರ್.”

“ಸರ್!”

“ಸರ್ ಡೈಲಾಗಿನಲ್ಲಿಲ್ಲ.”

ಅವಳು ಕಣ್ಣೊರೆಸಿಕೊಂಡಳು. ಮುಖ ಎತ್ತಿದಳು. ಈ ಸಲ ನಿಧಾನವಾಗಿ ಹೇಳಿದಳು.